ಮಾವನ ಭಾನುವಾರದ ಸೇವೆ

ನನ್ನ ಸೋದರಮಾವನ ಬಲಗೈ ಯಾವಾಗಲೂ ಎದೆಯ ಮಟ್ಟಕ್ಕೆ ಅರ್ಧ ಎತ್ತಿಕೊಂಡೇ ಇರುತ್ತಿತ್ತು. ಯಾರಾದರೂ ಕಾಲಿಗೆ ಬಿದ್ದರೆ ಆಶೀರ್ವಾದ ತಡವಾಗಬಾರದಲ್ಲ! ಬೆರಳಿಗೊಂದು ಉಂಗುರ ಬೇರೆ. ಬೆಳಗ್ಗೆ ಹಾಲಿನವನು ಬಂದರೂ ಆ ಕೈ ತಾನಾಗಿ ಮೇಲೇಳುತ್ತಿತ್ತು. ಅವನು ಪಾಪ, ಏನೋ ಕೇಳುತ್ತಿದ್ದಾರೆಂದು ಇನ್ನೊಂದು ಪ್ಯಾಕೆಟ್ ಇಡುತ್ತಿದ್ದ.

ಅಪ್ಪ ತೀರಿಕೊಂಡ ಮೇಲೆ ಅಮ್ಮನೂ ನಾನೂ ಉತ್ತರಹಳ್ಳಿಯಲ್ಲಿ ಮಾವನ ಮೂರಂತಸ್ತಿನ ಕಟ್ಟಡದ ತಾರಸಿ ಕೋಣೆಗೆ ಬಂದೆವು. ನೆಲಮಹಡಿಯಲ್ಲಿ ಮಾವನ ಸಂಸಾರ, ನಡುವೆಲ್ಲ ಬಾಡಿಗೆದಾರರು, ಮೇಲೆ ನೀರಿನ ಟ್ಯಾಂಕು ಮತ್ತು ನಾವು. ನನಗಾಗ ಹತ್ತು ವರ್ಷ. ನಾವು ಪಾತ್ರೆ ಪಡಗ ಜೋಡಿಸಿಕೊಳ್ಳುವ ಮೊದಲೇ ಮಾವನಿಗೆ ನನಗೆ ಕೃತಜ್ಞತೆ ಕಲಿಸುವ ಯೋಚನೆ ಬಂತು.

"ಮಕ್ಕಳಿಗೆ ಗ್ರಾಟಿಟ್ಯೂಡ್ ಕಲಿಸ್ಬೇಕು ಕಣಮ್ಮ. ಅದು ಬುಕ್ ಓದಿದ್ರೆ ಬರಲ್ಲ, ಸೇವೆ ಮಾಡಿದ್ರೆ ಬರುತ್ತೆ. ನಾನೂ ಇವಳೂ ಸೇರ್ಕೊಂಡು ಮಾಡ್ತೀವಿ ಬಿಡು," ಎಂದು ಅಮ್ಮನಿಗೆ ಹೇಳಿ, ಪ್ರತಿ ಭಾನುವಾರ ನನ್ನನ್ನು ಕಾರಿನಲ್ಲಿ ತಿಲಕ್ ನಗರದ ಒಂದು ವೃದ್ಧಾಶ್ರಮಕ್ಕೆ ಕರೆದುಕೊಂಡು ಹೋಗತೊಡಗಿದರು. ಅವರ ಸ್ವಂತ ಮಗ ನನಗಿಂತ ಒಂದು ವರ್ಷ ದೊಡ್ಡವನು. ಅವನು ಟಿವಿ ಮುಂದೆ ಕಾಲು ಚಾಚಿಕೊಂಡು ಕ್ರಿಕೆಟ್ ನೋಡುತ್ತಿದ್ದ. ಅವನಿಗೆ ಕೃತಜ್ಞತೆ ಹುಟ್ಟುವಾಗಲೇ ಬಂದಿತ್ತೋ ಏನೋ.

ಸೇರಿಕೊಂಡು ಸೇವೆ ಎಂದರೆ ಹೀಗೆ: ಅನ್ನ, ಸಾರು, ಪಲ್ಯ ಎಲ್ಲವನ್ನೂ ನಾನು ಬಡಿಸುವುದು. ಮಾವ ಮೊದಲನೆಯ ಎಲೆಗೆ ಒಂದು ಸೌಟು ಕೇಸರಿಬಾತು ಹಾಕಿ, ಫೋಟೋ ಆಗುವ ತನಕ ಬಗ್ಗಿಕೊಂಡೇ ಇದ್ದು, ಸೌಟನ್ನು ನನ್ನ ಕೈಗೆ ಕೊಟ್ಟು ಮೈಕ್ ಹಿಡಿಯುವುದು. ಊಟ ಕೊಡಿಸಿದವರು ಮಾತು ಮುಗಿಸುವ ತನಕ ಯಾರೂ ತುತ್ತು ಎತ್ತಬಾರದು ಎನ್ನುವುದು ಅಲ್ಲಿನ ಪದ್ಧತಿ. ಮಾವ ಆ ಪದ್ಧತಿಯ ರಸವನ್ನೆಲ್ಲ ಹಿಂಡುತ್ತಿದ್ದರು. ಕೊನೆಗೆ ನನ್ನನ್ನು ಮುಂದಕ್ಕೆ ಎಳೆದು ನಿಲ್ಲಿಸಿ, "ಇವಳು ನನ್ನ ತಂಗಿ ಮಗಳು. ತಂದೆ ಇಲ್ಲ. ನಾನೇ ಮನೇಲಿ ಇಟ್ಕೊಂಡು ಸಾಕ್ತಿದ್ದೀನಿ," ಎನ್ನುತ್ತಿದ್ದರು. ಹಸಿದ ಮುದುಕರು ಚಪ್ಪಾಳೆ ತಟ್ಟುತ್ತಿದ್ದರು.

ಪಾಠ ಚೆನ್ನಾಗಿಯೇ ನಾಟಿತು. ಮನೆಯಲ್ಲಿ ಎರಡನೆಯ ದೋಸೆ ಕೇಳಲು ನನಗೆ ನಾಚಿಕೆಯಾಗತೊಡಗಿತು. ನಲ್ಲಿ ತಿರುಗಿಸಿದರೆ ಮಾವನ ನೀರು ಖರ್ಚಾಗುತ್ತಿದೆ ಎನಿಸುತ್ತಿತ್ತು. ಮೆಟ್ಟಿಲಲ್ಲಿ ಅವರ ಮಗ ಎದುರಾದರೆ ಗೋಡೆಗೆ ಅಂಟಿಕೊಂಡು ದಾರಿ ಬಿಡುತ್ತಿದ್ದೆ. ಒಂದು ಮಗುವನ್ನು ಹೀಗೆ ಕುಗ್ಗಿಸಿ ಅದಕ್ಕೆ ಸಂಸ್ಕಾರ ಎಂದು ಹೆಸರಿಟ್ಟ ಆ ಮನುಷ್ಯನನ್ನು ನೆನೆದರೆ ನನಗೆ ಇವತ್ತಿಗೂ ಅಸಹ್ಯವಾಗುತ್ತದೆ.

ಒಂದು ಭಾನುವಾರ ಭಾಷಣ "ಸಾಕ್ತಿದ್ದೀನಿ" ಎಂಬಲ್ಲಿಗೆ ಬಂದಿತ್ತು. ಸಾಲಿನ ಮಧ್ಯದಿಂದ ಒಬ್ಬ ಅಜ್ಜಿ ಕೇಳಿದಳು: "ಸಾಮಿ, ಮನೆ ಕಟ್ಟಿರೋ ಜಾಗ ನೀವು ತಗೊಂಡಿದ್ದಾ?"

ಮಾವ ಉಬ್ಬಿದರು. "ತಗೊಳ್ಳೋದೇನಜ್ಜಿ, ನಮ್ಮಪ್ಪಂದು! ರಾಗಿ ಬೆಳೀತಿದ್ದ ಹೊಲ."

"ಹಂಗಾದ್ರೆ ಈ ಮಗೀಗೆ ಅದು ತಾತನ ಮನೆ. ತಾತನ ಮನೇಲಿರೋಳ್ನ ನೀವೇನು ಸಾಕೋದು? ಅನ್ನ ಆರೋಗ್ತೈತೆ, ಬಿಡಿ ಸಾಮಿ."

ಯಾರೋ ಕಿಸಕ್ಕೆಂದರು. ಮಾವನ ಮುಖ ಹುಳ್ಳಗಾಯಿತು. "ವಯಸ್ಸಾಗಿದೆ, ಪಾಪ," ಎಂದು ಮೈಕಿನಲ್ಲೇ ಹೇಳಿ ಮಾತು ಮುಗಿಸಿದರು.

ಮನೆಗೆ ಬಂದವಳೇ ಅಮ್ಮನನ್ನು ಕೇಳಿದೆ. ಅಮ್ಮ ಬಟ್ಟೆ ಮಡಿಸುತ್ತಿದ್ದಳು. "ಹೌದು, ನಾನು ಹುಟ್ಟಿದ್ದೂ ಇಲ್ಲೇ. ಹೊಲದ ಮನೇಲಿ," ಎಂದಳು. ಮುಂದಿನ ಭಾನುವಾರ ಕೆಳಗೆ ಹಾರ್ನ್ ಆದಾಗ ತಾರಸಿಯಿಂದ ಬಗ್ಗಿ, "ಅವಳು ಬರಲ್ಲ ಅಣ್ಣ," ಎಂದಳು.

"ಯಾಕಮ್ಮ, ಹುಷಾರಿಲ್ವಾ?"

"ಹುಷಾರಾಗೇ ಇದ್ದಾಳೆ."

ಉಪಕಾರ ಸ್ಮರಣೆಯಿಲ್ಲದ ಜನ ಎಂದು ಮಾವ ಬಂಧುಬಳಗಕ್ಕೆಲ್ಲ ಡಂಗುರ ಸಾರಿದರು. ಮೈಕ್ ಮುಂದೆ ನಿಲ್ಲಿಸಲು ನಾನಿಲ್ಲದ ಮೇಲೆ ಅವರಿಗೆ ಸೇವೆಯಲ್ಲೂ ರುಚಿ ಹೋಯಿತು. ಅಮ್ಮನೂ ನಾನೂ ಬಿಡುವಾದಾಗ ಬಸ್ಸಿನಲ್ಲಿ ಆಶ್ರಮಕ್ಕೆ ಹೋಗಿ ಬರುತ್ತಿದ್ದೆವು. ಅಮ್ಮ ಅಜ್ಜಿಯರ ತಲೆ ಬಾಚುತ್ತಿದ್ದಳು, ನಾನು ಉಗುರು ಕತ್ತರಿಸುತ್ತಿದ್ದೆ. ಅಂದು ಮಾತಾಡಿದ ಅಜ್ಜಿಗೆ ಥ್ಯಾಂಕ್ಸ್ ಹೇಳಲು ಹೋದರೆ, "ಮೊದ್ಲು ಹೆಬ್ಬೆಟ್ಟು ನೋಡು, ಚರ್ಮ ಕಿತ್ತೀಯ," ಎಂದು ಗದರಿದಳು.

ಕಳೆದ ವರ್ಷ ಮಾವ ತೀರಿಕೊಂಡರು. ತಿಥಿಯ ದಿನ ಬಂದವರೆಲ್ಲ ದೇವರಂಥ ಮನುಷ್ಯ ಎಂದರು. ಅಮ್ಮ ನಿಜವಾಗಿ ಅತ್ತಳು. ಒಡಹುಟ್ಟಿದ ಅಣ್ಣ ತಾನೆ. ನನಗೆ ಅಳು ಬರಲಿಲ್ಲ, ಬರಿಸಿಕೊಳ್ಳಲೂ ಹೋಗಲಿಲ್ಲ. ಊಟವಾದ ಮೇಲೆ ಮಾವನ ಮಗ ಅಮ್ಮನ ಹತ್ತಿರ ಬಂದು, ನಾಲ್ಕು ಜನಕ್ಕೆ ಕೇಳುವಂತೆ ಹೇಳಿದ: "ಅತ್ತೆ, ನೀವೇನೂ ಯೋಚ್ನೆ ಮಾಡ್ಬೇಡಿ. ಎಷ್ಟು ದಿನ ಬೇಕಾದ್ರೂ ಮೇಲ್ಗಡೆ ಇರಿ. ನಾನೇನು ಹೋಗಿ ಅನ್ನಲ್ಲ."

ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

"ಆಗ್ಲಿ ಕಣಪ್ಪ. ನೀನೂ ಇರು. ನಾನೂ ಹೋಗು ಅನ್ನಲ್ಲ."