ಸೋಮನಾಥ ಹೇಳಬೇಕಿದ್ದ ಒಡಪು

ಸುಮ್ಮನಿರುವವರನ್ನು ಕಂಡರೆ ನನಗಾಗುವುದಿಲ್ಲ. ಎದುರಿಗಿದ್ದವನು ಎರಡು ನಿಮಿಷ ಬಾಯಿ ಬಿಡದಿದ್ದರೆ ಅವನ ಪರವಾಗಿ ನಾನೇ ಮಾತಾಡಿಬಿಡುತ್ತೇನೆ. ಸಹಕಾರನಗರದಲ್ಲಿ ವಿಡಿಯೋ ಗೇಮ್ ಅಂಗಡಿ ಇಟ್ಟಿದ್ದಾಗಲೂ ಇದೇ ತಾಪತ್ರಯ. ಕೆಲವು ಗೇಮುಗಳಲ್ಲಿ ಹೀರೋಗೆ ಮಾತೇ ಇರುವುದಿಲ್ಲ. ರಾಜ ಬೈಯಲಿ, ರಾಕ್ಷಸ ಹೆದರಿಸಲಿ, ಊರವರೆಲ್ಲ ಗೋಳಾಡಲಿ, ಇವನು ಕತ್ತಿ ಹಿಡಿದು ಸುಮ್ಮನೆ ನಿಂತಿರುತ್ತಾನೆ. ನಾನು ಕೌಂಟರಿನಿಂದಲೇ, "ಬಾರೋ ಲೇ, ನಿನ್ ಕೊಂಬು ಮುರೀತೀನಿ!" ಎಂದು ಅವನ ಡೈಲಾಗ್ ಹೊಡೆಯುತ್ತಿದ್ದೆ. ಥಿಯೇಟರಿನಲ್ಲೂ ಅಷ್ಟೇ. ಹೀರೋ ಮಾತಿಲ್ಲದೆ ಹೀರೋಯಿನ್ ಮುಖ ನೋಡುತ್ತಿದ್ದರೆ, "ಹೇಳ್ಬಿಡೋ, ಅವಳ ಬಸ್ ಹೊರಟ್ಹೋಗತ್ತೆ!" ಎಂದು ಕೂಗಿ ಅಕ್ಕಪಕ್ಕದವರಿಂದ ಬೈಸಿಕೊಂಡಿದ್ದುಂಟು.

ಅಂಥ ನನಗೆ ೨೦೧೧ರಲ್ಲಿ ಗಂಟುಬಿದ್ದವನು ಸೋಮನಾಥ. ಮುಧೋಳದ ಕಡೆಯವನು, ಪೀಣ್ಯದ ಫ್ಯಾಕ್ಟರಿಯಲ್ಲಿ ಲೇತ್ ಮೆಷಿನ್ ಕೆಲಸ. ಭಾನುವಾರ ಬಂದು, ಮಾತಿಲ್ಲದ ಹೀರೋ ಇರುವ ಗೇಮನ್ನೇ ಹಾಕಿಸಿಕೊಳ್ಳುತ್ತಿದ್ದ.

"ಯಾಕೋ ಮಗಾ, ಬೇರೇದ್ ಆಡಬಾರ್ದಾ?" ಎಂದು ಕೇಳಿದೆ. ಉತ್ತರ ಬಂದದ್ದು ಮುಂದಿನ ಭಾನುವಾರ.

"ವಾಸಣ್ಣ, ಯಾಕ ಸುಮ್ಮನದೀ ಅಂತ ಇವನ್ನ ಯಾರೂ ಕೇಳಂಗಿಲ್ಲ ನೋಡ್ರಿ."

ಕೆಟ್ಟ ಜಾಯ್‌ಸ್ಟಿಕ್ಕುಗಳನ್ನೆಲ್ಲ ಕೇಳದೆಯೇ ಬಿಚ್ಚಿ ಸರಿಮಾಡಿಟ್ಟು ಹೋಗುತ್ತಿದ್ದ ಮನುಷ್ಯ. ಅಂಥವನ ಮೇಲೆ ಎಷ್ಟು ಅಂತ ರೇಗುವುದು?

ಅವನಿಗೆ ಹೆಣ್ಣೇ ಸಿಗುತ್ತಿರಲಿಲ್ಲ. ನೋಡಲು ಹೋದ ಎರಡು ಮನೆಯವರೂ, ಹುಡುಗನಿಗೆ ಬಾಯೇ ಇಲ್ಲ ಎಂದು ಬೇಡ ಅಂದಿದ್ದರು. ಮೂರನೆಯವಳು ಬಾಗಲಗುಂಟೆಯ ರಕ್ಷಾ. ಅವರೂ ಮುಧೋಳದ ಕಡೆಯವರೇ. ಅವಳಿಗೆ ಇವನು ಒಪ್ಪಿಗೆಯಾದ. ಇವನಂತೂ ಅವಳನ್ನು ನೋಡಿ ಬಂದ ದಿನ ಗೇಮಿನಲ್ಲಿ ಏಳು ಸಲ ಸತ್ತ. ಆದರೆ ಅವಳ ಅಜ್ಜಿ ದಾನವ್ವ ಪಟ್ಟು ಹಿಡಿದರು. ನಿಶ್ಚಿತಾರ್ಥದ ದಿನ ಎಲ್ಲರೆದುರು ಹುಡುಗ ಒಡಪು ಹೇಳಬೇಕು, ಇಲ್ಲದಿದ್ದರೆ ತಾಂಬೂಲ ಬದಲಾಯಿಸುವ ಮಾತೇ ಇಲ್ಲ. ಎರಡು ಸಾಲಿನ ಪ್ರಾಸದಲ್ಲಿ, ಕೈಹಿಡಿಯುವವರ ಹೆಸರು ಸೇರಿಸಿ ಹೇಳುವುದೇ ಒಡಪು. ನಮ್ಮ ಕಡೆ ಈ ಪದ್ಧತಿ ಇಲ್ಲ.

ಅವನು ತಾನೇ ಒಡಪು ಕಟ್ಟಿ ಚೀಟಿಯಲ್ಲಿ ಬರೆದು ತಂದ. ಮೂರು ಭಾನುವಾರ ತಾಲೀಮು ಮಾಡಿಸಿದೆ. ಮೊದಲ ಸಾಲು ಸಲೀಸು. ಎರಡನೆಯದರಲ್ಲಿ ಅವಳ ಹೆಸರು ಬರುತ್ತಲೇ ಕಿವಿ ಕೆಂಪಾಗಿ ನಿಂತುಬಿಡುತ್ತಿದ್ದ.

"ಹೆಸರು ಹೇಳಕ್ಕೇನೋ ರೋಗ ನಿಂಗೆ?"

"ಎದಿ ಹಾರತೈತಿ ವಾಸಣ್ಣ."

ನಿಶ್ಚಿತಾರ್ಥ ಬಾಗಲಗುಂಟೆಯ ಅವರ ಮನೆಯ ತಾರಸಿ ಮೇಲೆ, ಶಾಮಿಯಾನದಡಿ. ಐವತ್ತು ಜನ. ದಾನವ್ವ, "ಹೇಳಪಾ, ಕೇಳೂಣು" ಎಂದರು. ಸೋಮನಾಥ ಎದ್ದು ನಿಂತ. ನಿಂತೇ ಇದ್ದ. ಯಾರೋ ಕೆಮ್ಮಿದರು. ರಕ್ಷಾಳ ಕಣ್ಣು ತುಂಬಿತು. ಅವಳಪ್ಪ ಸಂಗಪ್ಪ ತಾಂಬೂಲದ ತಟ್ಟೆಯನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡರು.

ನನ್ನ ಹಾಳು ಬಾಯಿ ತಡೆಯಬೇಕಲ್ಲ! ಹಿಂದಿನ ಕುರ್ಚಿಯಿಂದ ಎದ್ದು, ಗೇಮಿನ ಹೀರೋಗೆ ಡೈಲಾಗ್ ಹೊಡೆದ ಹಾಗೇ, ಗಂಟಲು ಹರಿಯುವಂತೆ ಅವನ ಒಡಪನ್ನು ಹೊಡೆದೇಬಿಟ್ಟೆ:

"ಬಾಗಲಕ್ಕ ಕಟ್ಟೈತಿ ಮಾವಿನ ತೋರಣ, ನಾ ಸುಮ್ಮನಿರಾಕ ರಕ್ಷಾನ ನಗಿ ಕಾರಣ!"

ದಾನವ್ವ ಕನ್ನಡಕ ಏರಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಹಂಗೇನು? ಹೆಸರ ಹಚ್ಚಿ ಒಡಪು ಹೇಳಿದಾಂವನ ಈಕಿ ಗಂಡ. ಬಾರಪಾ, ಮದುಮಗನ ಮಣಿ ಮ್ಯಾಲ ಕೂಡು ಬಾ."

"ಅಯ್ಯಯ್ಯೋ ಅಜ್ಜಿ, ನಂಗಾಗ್ಲೇ ಮದುವೆಯಾಗಿ ಎರಡು ಮಕ್ಕಳಿವೆ!" ಎಂದೆ. ಜನ ಬಿದ್ದು ಬಿದ್ದು ನಗತೊಡಗಿದರು. ಆ ನಗುವನ್ನೆಲ್ಲ ಮೀರಿ ಒಂದು ದನಿ ಕೇಳಿತು.

"ಅಂವ ಅಲ್ಲ! ರಕ್ಷಾನ ಕೈ ಹಿಡಿಯಾಂವ ನಾನು! ನೀ ಕುಂದ್ರಲೇ ವಾಸ್ಯಾ!"

ಸೋಮನಾಥ! ನನ್ನನ್ನು ದುರುಗುಟ್ಟಿ ನೋಡುತ್ತಲೇ ಒಡಪನ್ನು ತೋರಣದಿಂದ ಕಾರಣದವರೆಗೆ ಒಂದೇ ಉಸಿರಿಗೆ ಹೇಳಿದ. ರಕ್ಷಾ ಅಳುತ್ತಲೇ ನಕ್ಕಳು. ದಾನವ್ವ ಮಗ ಸಂಗಪ್ಪನ ಕೈಯಿಂದ ತಟ್ಟೆ ಕಿತ್ತುಕೊಂಡು ಹುಡುಗನ ಕಡೆಯವರ ಮುಂದಿಟ್ಟರು.

ವಾಸಣ್ಣ ಎಂದಲ್ಲದೆ ಬೇರೆ ಹೆಸರಿನಿಂದ ಕರೆದವನಲ್ಲ. ಐವತ್ತು ಜನರೆದುರು ನನ್ನನ್ನು ವಾಸ್ಯಾ ಮಾಡಿದ. ನನಗೋ, ಕಣ್ಣಲ್ಲಿ ನೀರು ಬರುವಷ್ಟು ಖುಷಿ. ಬಾಯಿ ಮುಚ್ಚಿಕೊಂಡು ಕೂತೆ.