ಅಕ್ಕೋರು ಆರಿಸಿದ ಊರು

ಟ್ರಂಕಿನ ಮುಚ್ಚಳ ತೆಗೆದೊಡನೆ ಡಾಂಬರ ಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಎಲ್ಲಕ್ಕಿಂತ ಕೆಳಗೆ ಒಂದು ಕಂದು ಬಣ್ಣದ ಉಣ್ಣೆಯ ಸ್ವೆಟರು, ಒಮ್ಮೆಯೂ ತೊಡದೇ ಇದ್ದದ್ದು. ಅಕ್ಕೋರು ತೀರಿಕೊಂಡು ವರ್ಷ ತುಂಬಿತ್ತು. ಅವ್ವನ ಸಾಮಾನು ತೆಗೆಯುವಾಗ ಜೊತೆಗಿರಲಿ ಎಂದು ಅವರ ಮಗಳು ನನ್ನನ್ನು ಹುಬ್ಬಳ್ಳಿಗೆ ಕರೆಸಿಕೊಂಡಿದ್ದಳು. ಆ ವಾಸನೆಗೆ ಧಾರವಾಡದ ಆ ಪಡಸಾಲೆ ಇದ್ದಕ್ಕಿದ್ದ ಹಾಗೆ ಕಣ್ಣೆದುರು ಬಂತು...

ಅರವತ್ತರ ದಶಕದ ಮೊದಲ ವರ್ಷಗಳು. ನಾನು ಹುಡುಗಿಯರ ಹೈಸ್ಕೂಲಿಗೆ ಶಿಕ್ಷಕಿಯಾಗಿ ಹೊಸದಾಗಿ ಸೇರಿದ್ದೆ. ಅಕ್ಕೋರು ಅಲ್ಲಿ ಭೂಗೋಳ ಕಲಿಸುತ್ತಿದ್ದರು. ಅವರ ಮನೆಯ ಹೊರಗಿನ ಖೋಲಿಯಲ್ಲೇ ನನ್ನ ಬಾಡಿಗೆ ವಾಸ. ಗಂಡ ತೀರಿಕೊಂಡ ಮೇಲೆ ಅವರು ಪುಟ್ಟ ಮಗಳೊಂದಿಗೆ ಅತ್ತೆಯ ಮನೆಯಲ್ಲಿಯೇ ಉಳಿದಿದ್ದರು. ಮಾವನವರದು ಹುಬ್ಬಳ್ಳಿಯಲ್ಲಿ ಅರಳೆ ವ್ಯಾಪಾರ. ಬೆಣ್ಣೆಯಲ್ಲಿ ಕೂದಲು ತೆಗೆದಂಥ ಮಾತು. ಆ ಮನೆಯಲ್ಲಿ ಯಾರೂ ದನಿ ಏರಿಸಿದ್ದನ್ನು ನಾನು ಕೇಳಲಿಲ್ಲ. ಏರಿಸಿದ್ದರೆ ಒಳ್ಳೆಯದಿತ್ತು.

ಆ ವರ್ಷ ಅಕ್ಕೋರಿಗೆ ಫೆಲೋಶಿಪ್ ಸಿಕ್ಕಿತು. ವರ್ಷಕಾಲ ವಿಲಾಯತಿಯ ಶಾಲೆಯೊಂದರಲ್ಲಿ ಕಲಿಸುವುದು, ಅವರು ಕಲಿಸುವ ರೀತಿ ನೋಡಿ ಬರುವುದು. ಲಂಡನ್, ಲೀಡ್ಸ್, ಎಡಿನ್‌ಬರೊ ಎಂದು ಮೂರು ಊರು ಕೊಟ್ಟಿದ್ದರು. ಒಂದನ್ನು ಆರಿಸಿ ಆಗಸ್ಟ್ ಮುಗಿಯುವುದರೊಳಗೆ ತಿಳಿಸಬೇಕಿತ್ತು. ಸುದ್ದಿ ಕೇಳಿ ಮಾವನವರು ಓಣಿಗೆಲ್ಲ ಸಕ್ಕರೆ ಹಂಚಿದರು. ಅಕ್ಕೋರು ಉಣ್ಣೆ ತಂದು ಹೆಣಿಗೆ ಹಿಡಿದರು.

ದಿನಾ ಸಂಜೆ ಪಡಸಾಲೆಯಲ್ಲಿ ಮಾತು ಶುರುವಾಗುತ್ತಿತ್ತು.

"ಲಂಡನ್ ಛಲೋನ ಐತವಾ, ಖರೇ. ಆದ್ರ ಅಷ್ಟು ದೊಡ್ಡ ಊರಾಗ ಒಬ್ಬ ಹೆಣ್ಣಮಗಳು... ನೋಡೂಣು," ಎನ್ನುತ್ತಿದ್ದರು ಮಾವನವರು.

ಸರಿ, ಲೀಡ್ಸ್ ಎಂದರೆ ಅದು ಗಿರಣಿಯ ಊರು, ಬರೀ ಹೊಗೆ. ಗಿರಣಿಗೆ ಅರಳೆ ಮಾರಿಯೇ ಮನೆ ಕಟ್ಟಿದವರ ಮಾತು ಇದು! ಎಡಿನ್‌ಬರೊ ಎಂದರೆ ಥಂಡಿ. ಥಂಡಿಗೆ ಉಪಾಯ ಹೇಳಿದರೆ, ಅಲ್ಲಿ ಲಿಂಗಪೂಜೆಗೆ ಪತ್ರಿ ಸಿಗುತ್ತದೆಯೇ ಎಂದು ಅತ್ತೆ ಕೇಳಿದರು.

"ಪತ್ರಿ ಇಲ್ದಿದ್ರ ಬರೇ ವಿಭೂತಿಲೆ ಪೂಜಿ ಮಾಡತೇನ್ರಿ, ಅತ್ತಿ."

"ಹಂಗೂ ಮಾಡಬಹುದು ಬಿಡು. ನೋಡೂಣು."

ನಮ್ಮ ಕಡೆಯ ದೊಡ್ಡ ಮನೆಗಳಲ್ಲಿ 'ಬ್ಯಾಡ' ಎನ್ನುವುದು ಒರಟುತನ. 'ನೋಡೂಣು' ಎಂದರೆ ಮುಗಿಯಿತು, ತಿಳಿದವರು ತಿಳಿದುಕೊಳ್ಳಬೇಕು. ಅಕ್ಕೋರಿಗೆ ತಿಳಿಯದ್ದೇನಲ್ಲ. ಆದರೂ ಗ್ರಂಥಾಲಯಕ್ಕೆ ಹೋಗಿ ಪ್ರತಿ ಪ್ರಶ್ನೆಗೂ ಉತ್ತರ ಹುಡುಕಿ ತರುತ್ತಿದ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡಲೊಲ್ಲ ಎಂಬ ಗಾದೆ ನನಗೆ ನೆನಪಾಗುತ್ತಿತ್ತು.

"ಅವರನ್ನೇನ್ ಕೇಳತೀರಿ? ನೀವ ಬರದು ಹಾಕಿಬಿಡ್ರಿ ಅಕ್ಕೋರ," ಎಂದೆ ಒಂದು ದಿನ, ಶಾಲೆಗೆ ಹೋಗುವ ದಾರಿಯಲ್ಲಿ.

ಅವರು ನಡಿಗೆ ನಿಲ್ಲಿಸಿದರು. "ಒಂದು ವರ್ಷ ಮಗಳು ಇವರ ಮನ್ಯಾಗ ಇರಬೇಕಲ್ಲವಾ ತಂಗಿ. ಇವರ ಮನಸ ಮುರದು ಹೋದ್ರ, ತಿರುಗಿ ಬಂದಾಗ ಆಕಿನ್ನ ನನಗ ಕೊಡೂದಿಲ್ಲ."



ತಿಂಗಳ ಕೊನೆಗೆ ಅವರು ಧೈರ್ಯ ಮಾಡಿದರು. ಎಡಿನ್‌ಬರೊ ಎಂದರು. ಆ ಊರಿನ ನಡುವೆಯೇ ಆರಿಹೋದ ಜ್ವಾಲಾಮುಖಿಯ ಗುಡ್ಡವಿದೆ, ಅದನ್ನು ಹತ್ತಬೇಕು ಎಂದಾಗ ಅವರ ಮುಖ ಹೊಳೆಯುತ್ತಿದ್ದದ್ದು ನನಗೆ ಈಗಲೂ ಕಾಣುತ್ತದೆ. ಮಾವನವರು ನಕ್ಕರು.

"ಹಾಕವಾ, ಯಾರ ಬ್ಯಾಡ ಅಂದಾರ? ಐತವಾರ ನಮ್ಮಣ್ಣ ಬರತಾನ. ಹಿರ್ಯಾ ಅದಾನ, ಒಂದ ಮಾತು ಕೇಳಿ ಹಾಕೂಣು."

ಗಡುವು ಅದರ ಹಿಂದಿನ ದಿನಕ್ಕೇ, ಶನಿವಾರಕ್ಕೆ ಇತ್ತು. ಅದು ಅವರಿಗೆ ಗೊತ್ತಿತ್ತು. ಐತವಾರ ಅಣ್ಣ ಬಂದರು, ಹೋಳಿಗೆ ಉಂಡರು, ಅರಳೆಯ ಧಾರಣೆ ಮಾತಾಡಿದರು, ಹೋದರು. ಅಕ್ಕೋರು ಒಳಗೆ ಬಡಿಸುತ್ತಿದ್ದರು.

ಇದಕ್ಕಿಂತ ಕೆಟ್ಟದ್ದು ಆಮೇಲೆ ಆಯಿತು. ಮನೆಗೆ ಬಂದವರೆದುರು ಮಾವನವರು ಹೇಳತೊಡಗಿದರು: "ಮೂರು ಊರು ಕೊಟ್ಟಿದ್ರು, ನಮ್ಮ ಸೊಸಿಗೆ ಒಂದೂ ಮನಸಿಗೆ ಬರಲಿಲ್ಲ ನೋಡ್ರಿ!" ಎಲ್ಲರೂ ನಗುತ್ತಿದ್ದರು. ಚಹಾ ತಂದಿಟ್ಟು ಅಕ್ಕೋರು ಒಳಗೆ ಹೋಗುತ್ತಿದ್ದರು. ವರ್ಷ ವರ್ಷ ಹೇಳಿ ಹೇಳಿ ಅದೇ ನಿಜವಾಯಿತು. ಎಷ್ಟೋ ಹುಡುಗಿಯರಿಗೆ ಜಗತ್ತಿನ ನಕಾಶೆ ತೋರಿಸಿದ ಅಕ್ಕೋರು ಧಾರವಾಡದಲ್ಲೇ ನಿವೃತ್ತರಾದರು. ಫೆಲೋಶಿಪ್ಪಿನ ಮಾತು ನನ್ನೆದುರು ಮತ್ತೆಂದೂ ಎತ್ತಲಿಲ್ಲ. ಅವರಂಥವರನ್ನು ನಾನು ಮತ್ತೆ ಕಾಣಲಿಲ್ಲ. ಅವರಿಲ್ಲದ ಧಾರವಾಡ ನನಗೆ ಈಗ ಬರೀ ಒಂದು ಊರು.

ಟ್ರಂಕಿನ ಮುಂದೆ ಕೂತಿದ್ದ ಮಗಳು ನಕ್ಕಳು. ಆಕೆಗೂ ಈಗ ಮೊಮ್ಮಕ್ಕಳು.

"ನೋಡ್ರಿ ಮೌಶಿ, ನಮ್ಮವ್ವಗ ಜಗತ್ತಿನ ಊರೆಲ್ಲಾ ಬಾಯಿಪಾಠ. ತನಗಂತ ಒಂದು ಊರು ಆರಿಸಾಕ ಮಾತ್ರ ಬರಲಿಲ್ಲ."

ನನಗೆ ತಡೆಯಲಾಗಲಿಲ್ಲ. "ಆರಿಸಿದ್ರವಾ. ಎಡಿನ್‌ಬರೊ."

"ಮತ್ತ ಯಾಕ ಹೋಗಲಿಲ್ರಿ?"

"ನಿನ್ನ ಸಲುವಾಗಿ," ಎಂದು ಎಲ್ಲವನ್ನೂ ಹೇಳಿದೆ. ಮಾವನವರ ಐತವಾರ, ಶಾಲೆಯ ದಾರಿಯಲ್ಲಿ ಆಡಿದ ಮಾತು, ಎಲ್ಲ.

ಆಕೆ ಸ್ವೆಟರನ್ನು ತೊಡೆಯ ಮೇಲೆ ಬಿಡಿಸಿಟ್ಟುಕೊಂಡಳು. ಆಮೇಲೆ ಅಂದಳು: "ಆಕಿ ಮುಂದನ ಎಷ್ಟು ಸರ್ತಿ ಊರು ಆರಿಸಾಕ ಬರಲಿಲ್ಲಂತ ಹೇಳಿ ನಕ್ಕೇನ್ರಿ ಮೌಶಿ... ಅವ್ವನೂ ನನ್ನ ಜೋಡಿ ನಗತಿದ್ಲು."