ಪ್ರಾಗ್‌ನಲ್ಲಿ ನಾನು ಅನುವಾದಿಸದೆ ಬಿಟ್ಟ ಮಾತು

ಯುರೋಪನ್ನು ಒಮ್ಮೆಯೂ ನೋಡದೆ ಹದಿನಾರು ವರ್ಷ ನಾನು ಕತಾರಿನ ಒಂದು ಭಾರತೀಯ ಶಾಲೆಯಲ್ಲಿ ಯುರೋಪಿನ ಇತಿಹಾಸ ಕಲಿಸಿದೆ. ನೆಪೋಲಿಯನ್ ಸೋತ ಮೇಲೆ ರಾಜರೆಲ್ಲ ವಿಯೆನ್ನಾದಲ್ಲಿ ಸೇರಿ ನಕ್ಷೆಯನ್ನು ಹಂಚಿಕೊಂಡ ಪಾಠವನ್ನು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಒಂದು ವರ್ಷ ಹತ್ತನೆಯ ತರಗತಿಯ ಹುಡುಗಿಯೊಬ್ಬಳು, "ಮಿಸ್, ನೀವು ಅಲ್ಲಿಗೆ ಹೋಗಿದ್ದೀರಾ?" ಎಂದು ಕೇಳಿದಳು. ಇಲ್ಲ ಎಂದೆ. "ನಾವು ಎರಡು ಸಲ ಹೋಗಿದ್ದೇವೆ, ಐಸ್‌ಕ್ರೀಮ್ ಚೆನ್ನಾಗಿದೆ" ಎಂದಳು. ಅವಳು ಕೊಂಕು ಮಾತಾಡಿದ್ದೇನೂ ಅಲ್ಲ. ಆದರೆ ಆ ದಿನ ಮನೆಗೆ ಬಂದವಳೇ ಈ ಮಾರ್ಚ್ ರಜೆಯಲ್ಲಿ ಹೋಗಿಯೇ ತೀರುತ್ತೇನೆ ಎಂದು ಗಂಡನಿಗೆ ಹೇಳಿದೆ.

"ನೀನು ಹೋಗಿ ಬಾ ಮಾರಾಯ್ತಿ. ದಿನವಿಡೀ ನಡೆಯುವ ಪ್ರವಾಸ ನನಗೆ ಆಗುದಿಲ್ಲ" ಎಂದರು ಅವರು.

ಜೊತೆಗೆ ಬಂದದ್ದು ನನ್ನ ಗೆಳತಿ. ದೋಹಾದ ಹೊರವಲಯದ ಅಲ್ ವುಕೈರಿನ ನಮ್ಮ ಕಟ್ಟಡದಲ್ಲೇ, ನಮಗಿಂತ ಎರಡು ಮಹಡಿ ಕೆಳಗೆ ಅವಳ ಮನೆ. ಉಳ್ಳಾಲದ ಕಡೆಯ ಬ್ಯಾರಿ ಕುಟುಂಬದವಳು, ಮದುವೆಯಾಗಿ ಬಂದು ಇಪ್ಪತ್ತೈದು ವರ್ಷಕ್ಕೂ ಹೆಚ್ಚಾಗಿತ್ತು. ಗಂಡನಿಗೆ ಇಂಡಸ್ಟ್ರಿಯಲ್ ಏರಿಯಾದಲ್ಲಿ ವಾಹನಗಳ ಬಿಡಿಭಾಗಗಳ ಅಂಗಡಿ. ಇವಳು ಮನೆಯಲ್ಲೇ ಕುಳಿತು ಅಲ್ಲಿನ ಹೆಂಗಸರು ತೊಡುವ ಕಪ್ಪು ಅಬಾಯಾಗಳ ತೋಳಿಗೆ, ಮದುಮಗಳ ಬಟ್ಟೆಗೆ ಜರಿ ಕೆಲಸ ಮಾಡಿಕೊಡುತ್ತಾಳೆ. ಓದಿದ್ದು ಎಸ್ಸೆಸ್ಸೆಲ್ಸಿ. ನಾನು ಅವಳಿಗಿಂತ ಎರಡು ವರ್ಷ ದೊಡ್ಡವಳು, ಅಷ್ಟೆ. ಆದರೂ ನಾನು ಅವಳನ್ನು ನೀನು ಎನ್ನುತ್ತಿದ್ದೆ, ಅವಳು ನನ್ನನ್ನು "ಟೀಚರೇ, ನೀವು" ಎನ್ನುತ್ತಿದ್ದಳು. ಹತ್ತು ವರ್ಷದ ಸ್ನೇಹದಲ್ಲಿ ಅದು ಹಾಗೆಯೇ ಉಳಿದಿತ್ತು, ನನಗೆ ಅದರಲ್ಲಿ ಏನೂ ವಿಚಿತ್ರ ಕಂಡಿರಲಿಲ್ಲ.

"ನಾನು ಬರ್ಲಾ ಟೀಚರೇ? ನನಗೆ ಎಂಥದೂ ಗೊತ್ತಿಲ್ಲ. ನೀವು ಹೇಳಿಕೊಡಿ, ನಾನು ನೋಡ್ತೇನೆ" ಎಂದಳು.

ಹೇಳಿಕೊಡಲು ಒಬ್ಬಳು ಸಿಕ್ಕಿದಳೆಂದು ನನಗೆ ಖುಷಿಯಾಯಿತು. ವೀಸಾ ಬರುವವರೆಗೆ ಪ್ರತಿ ಶುಕ್ರವಾರ ಸಂಜೆ ಅವಳ ಮನೆಯಲ್ಲಿ ಪಾಠ. ನಾನು ರಾಜವಂಶಗಳನ್ನು ಹೇಳುತ್ತಿದ್ದೆ, ಅವಳು ಸೂಜಿಯ ಮೇಲಿಂದ ಕಣ್ಣೆತ್ತದೆ "ಆಮೇಲೆ?" ಎನ್ನುತ್ತಿದ್ದಳು.

ವಿಯೆನ್ನಾದಲ್ಲಿ ಮೊದಲ ದಿನವೇ ಶುರುವಾಯಿತು. ಅರಮನೆಯ ದೊಡ್ಡ ಸಭಾಂಗಣದಲ್ಲಿ ನಿಂತು ನಾನು ಕಾಯುತ್ತಿದ್ದೆ, ಹದಿನಾರು ವರ್ಷದಿಂದ ಬಾಯಲ್ಲಿ ಹೇಳುತ್ತಿದ್ದ ಕಾಲ ಈಗ ಮೈಮೇಲೆ ಬರುತ್ತದೆ ಎಂದು. ಏನೂ ಬರಲಿಲ್ಲ. ಹೊಸ ಬೂಟು ಹಿಮ್ಮಡಿಯನ್ನು ಕಚ್ಚುತ್ತಿತ್ತು. ಇಷ್ಟು ದೊಡ್ಡ ಕೋಣೆಯನ್ನು ಬೆಚ್ಚಗಿಡುವುದು ಹೇಗೆ ಎಂಬ ಯೋಚನೆ ಬಂತು, ಅಷ್ಟೆ. ಗೆಳತಿ ಪರದೆಯ ಅಂಚಿನ ಹತ್ತಿರ ಬಗ್ಗಿ ನಿಂತಿದ್ದಳು. ನಾನು ಇಸವಿಗಳನ್ನು ಹೇಳುತ್ತಿದ್ದರೆ, "ಟೀಚರೇ, ಇದನ್ನು ತೊಳೆಯುದು ಹೇಗೆ ಮಾರಾಯ್ರೆ?" ಎಂದು ಕೇಳಿದಳು.

ಮಧ್ಯಾಹ್ನ ದೊಡ್ಡ ಇಗರ್ಜಿಗೆ, ಅಲ್ಲಿನ ಮುಖ್ಯ ಚರ್ಚಿಗೆ, ಹೋದೆವು. ಒಳಗೆ ಕಾಲಿಟ್ಟು ತಲೆಯೆತ್ತಿದವಳು ಹಾಗೆಯೇ ನಿಂತುಬಿಟ್ಟಳು. ನಾನು ಕಮಾನುಗಳ ಶೈಲಿಯನ್ನು ವಿವರಿಸಿ ತಿರುಗಿ ನೋಡಿದರೆ ಅವಳ ಕೆನ್ನೆ ಒದ್ದೆಯಾಗಿತ್ತು.

"ಏನಾಯ್ತು?"

"ಎಂಥ ಇಲ್ಲ. ಅಷ್ಟು ಎತ್ತರದಲ್ಲಿ ಕೂತು ಕಲ್ಲಿನಲ್ಲಿ ಆ ಎಲೆ ಕೆತ್ತಿದ್ದಾರೆ ನೋಡಿ. ಕೆಳಗೆ ನಿಂತವರ ಕಣ್ಣಿಗೆ ಬೀಳುದೂ ಕಷ್ಟ. ಆದ್ರೂ ಸರಿಯಾಗಿ ಮಾಡಿದ್ದಾರೆ."

ನಾನು ಕಣ್ಣು ಕಿರಿದು ಮಾಡಿ ನೋಡಿದೆ. ಎಲೆ ಇತ್ತು. ನನಗೆ ಅಳು ಬರಲಿಲ್ಲ. ಅಳು ಬರಬೇಕಾದದ್ದು ನನಗಲ್ಲವೇ ಎಂದು ಮಾತ್ರ ಅನ್ನಿಸಿತು. ಇಷ್ಟು ವರ್ಷ ಕಾದವಳು ನಾನು. ಓದಿದವಳು ನಾನು. ಯಾರೋ ನನ್ನ ತಟ್ಟೆಯ ಊಟವನ್ನು ನನ್ನೆದುರಿಗೇ ಕೂತು ರುಚಿ ನೋಡುತ್ತಿದ್ದಂತಿತ್ತು.

ಜನ ಕೂಡ ಅವಳ ಹತ್ತಿರವೇ ಬರುತ್ತಿದ್ದರು. ಮೂಲೆಯ ಬೇಕರಿಯ ತುರ್ಕಿ ಹೆಂಗಸು ಅವಳ ತಲೆವಸ್ತ್ರ ನೋಡಿ ಸಲಾಂ ಹೇಳಿದಳು. ಇವಳು ಕತಾರಿನಲ್ಲಿ ಕಲಿತ ಅರಬ್ಬಿಯಲ್ಲಿ ಏನೋ ಹೇಳಿದಳು, ಅದು ಆ ಹೆಂಗಸಿಗೆ ಅರ್ಥವಾಗಲಿಲ್ಲ, ಇಬ್ಬರೂ ನಕ್ಕರು. ಆಮೇಲೆ ಮೂರು ದಿನವೂ ಆಕೆ ಇವಳಿಗೆ ಬಿಸಿ ಬ್ರೆಡ್ಡನ್ನು ಆರಿಸಿ ಕೊಟ್ಟಳು. ಪಕ್ಕದಲ್ಲಿ ನಿಂತು ಶುದ್ಧ ಇಂಗ್ಲಿಷಿನಲ್ಲಿ ಕೇಳಿದ ನನಗೆ ಕೈಗೆ ಸಿಕ್ಕಿದ್ದನ್ನು ಕೊಟ್ಟಳು. ಇಂಥ ಸಣ್ಣ ವಿಷಯಗಳನ್ನು ನಾನು ಮನಸ್ಸಿನಲ್ಲಿ ಜೋಡಿಸಿಡುತ್ತಿದ್ದೆ.

ಅಲ್ಲಿಂದ ರೈಲಿನಲ್ಲಿ ಪ್ರಾಗ್‌ಗೆ ಹೋದೆವು. ಅಲ್ಲಿ ಎರಡನೆಯ ದಿನ ಚಳಿ ಜೋರಾಯಿತೆಂದು ಹಳೆಯ ಮಠವೊಂದಕ್ಕೆ ಅಂಟಿಕೊಂಡಿದ್ದ ಸಣ್ಣ ಸಂಗ್ರಹಾಲಯದೊಳಗೆ ನುಗ್ಗಿದೆವು. ಪಾದ್ರಿಗಳು ಪೂಜೆಯ ಹೊತ್ತಿಗೆ ತೊಡುತ್ತಿದ್ದ ನಿಲುವಂಗಿಗಳನ್ನು ಗಾಜಿನ ಪೆಟ್ಟಿಗೆಗಳಲ್ಲಿ ಹರಡಿಟ್ಟಿದ್ದರು. ಬೇರೆ ಯಾರೂ ಇರಲಿಲ್ಲ. ಕುರ್ಚಿಯಲ್ಲಿ ಕಾವಲಿಗೆ ಕುಳಿತ ಮುದುಕಿ ಮಾತ್ರ.

ಬಂಗಾರದ ಜರಿಯಲ್ಲಿ ಎರಡು ಹಕ್ಕಿಗಳಿದ್ದ ಒಂದು ಅಂಗಿಯ ಮುಂದೆ ಗೆಳತಿ ಬಹಳ ಹೊತ್ತು ನಿಂತಳು. ಅಲ್ಲಿನ ಫಲಕ ಓದಿ ನಾನು ಅಂಗಿಯ ಶತಮಾನ ಹೇಳಿದೆ. ಅವಳಿಗೆ ಕೇಳಿಸಲಿಲ್ಲ.

"ಟೀಚರೇ, ಈ ರೆಕ್ಕೆ ಬೇರೆಯವರು ಮಾಡಿದ್ದು."

"ಯಾವ ರೆಕ್ಕೆ?"

"ಈ ಬಲಬದಿಯದ್ದು. ಜರಿಯನ್ನು ಬಟ್ಟೆಯೊಳಗೆ ಚುಚ್ಚುದಿಲ್ಲ ಅಲ್ವಾ, ಮೇಲೆ ಮಲಗಿಸಿ ರೇಷ್ಮೆ ನೂಲಿನಲ್ಲಿ ಕಟ್ಟುದು. ಬಾಕಿ ಎಲ್ಲ ಕಡೆ ಆ ಕಟ್ಟು ಈಚೆ ವಾಲಿದೆ. ಇಲ್ಲಿ ಮಾತ್ರ ಆಚೆ ವಾಲಿದೆ. ಇದು ಎಡಗೈಯವರು ಹೊಲಿದದ್ದು."

ನಾನು ನಕ್ಕೆ. "ಇಲ್ಲಿ ಇದಕ್ಕೇ ಅಂತ ಓದಿದ ತಜ್ಞರಿದ್ದಾರೆ. ಹಾಗಿದ್ದರೆ ಬರೆಯುತ್ತಿದ್ದರು."

ನಮ್ಮ ಮಾತು ಕೇಳಿ ಮುದುಕಿ ಎದ್ದು ಬಂದಳು. ಏನು ಸಮಸ್ಯೆ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಏನೂ ಇಲ್ಲ ಎಂದುಬಿಡಬಹುದಿತ್ತು. ಗೆಳತಿ ಆಗಲೇ ಗಾಜಿನ ಮೇಲೆ ಬೆರಳಿಟ್ಟು ತೋರಿಸುತ್ತಿದ್ದಳು, ಹಾಗಾಗಿ ಹೇಳಬೇಕಾಯಿತು. ಮುದುಕಿ ಮೂಗನ್ನು ಗಾಜಿಗೆ ತಾಗಿಸಿ ನೋಡಿ, ಒಳಗೆ ಹೋಗಿ, ಬಿಳಿ ಕೋಟಿನ ಇನ್ನೊಬ್ಬ ಹೆಂಗಸನ್ನು ಕರೆತಂದಳು. ಹಳೆಯ ಬಟ್ಟೆಗಳನ್ನು ದುರಸ್ತಿ ಮಾಡಿ ಕಾಪಾಡುವವಳು ಆಕೆ. ಆ ರೆಕ್ಕೆಯನ್ನು ಆಮೇಲೆ ಯಾರೋ ಸರಿಪಡಿಸಿದ್ದಾರೆ ಎಂದು ಆಕೆಗೆ ಗೊತ್ತಿತ್ತಂತೆ. ಎಡಗೈ ಎಂದು ಹೊಳೆದಿರಲಿಲ್ಲವಂತೆ.

ನಮ್ಮನ್ನು ಒಳಕೋಣೆಗೆ ಕರೆದರು. "ನಿಮ್ಮ ಗೆಳತಿ ಏನು ಮಾಡುತ್ತಾರೆ?" ಎಂದು ಆಕೆ ನನ್ನನ್ನು ಕೇಳಿದಳು. ನಾನು ಏನು ಮಾಡುತ್ತೇನೆ ಎಂದು ಯಾರೂ ಕೇಳಲಿಲ್ಲ. ಮೊದಲು ನಾನು ಅತ್ತ ಇತ್ತ ಅನುವಾದ ಮಾಡಿದೆ. ಆಮೇಲೆ ಹೊಲಿಗೆಯ ಮಾತು ಬಂತು. ಯಾವ ಹೊಲಿಗೆಗೆ ಏನೆನ್ನುತ್ತಾರೆ ಎಂದು ನನಗೆ ಕನ್ನಡದಲ್ಲೂ ಗೊತ್ತಿಲ್ಲ, ಇಂಗ್ಲಿಷಿನಲ್ಲೂ ಗೊತ್ತಿಲ್ಲ. ಅವರಿಬ್ಬರೂ ನನ್ನನ್ನು ಬಿಟ್ಟು ಒಂದು ತುಂಡು ಬಟ್ಟೆ ಮತ್ತು ಸೂಜಿ ಹಿಡಿದರು. ಒಬ್ಬಳು ಹೊಲಿದು ತೋರಿಸುವುದು, ಇನ್ನೊಬ್ಬಳು ಬಿಚ್ಚಿ ಇನ್ನೊಂದು ಥರ ಹೊಲಿಯುವುದು. ನಾನು ಕಿಟಕಿಯ ಪಕ್ಕದ ಸ್ಟೂಲಿನಲ್ಲಿ ಕೋಟು ಮಡಿಲಲ್ಲಿಟ್ಟುಕೊಂಡು ಒಂದು ಗಂಟೆ ಕುಳಿತೆ. ನನ್ನೊಳಗೆ ಏನು ನಡೆಯುತ್ತಿತ್ತೋ ಅದಕ್ಕೆ ನಮ್ಮ ಭಾಷೆಯಲ್ಲಿ ಹೊಟ್ಟೆಕಿಚ್ಚು ಎಂಬ ಸರಿಯಾದ ಶಬ್ದವಿದೆ. ನಿಜಕ್ಕೂ ಹೊಟ್ಟೆಯಲ್ಲೇ ಉರಿಯುತ್ತದೆ ಅದು.

ಹೊರಡುವಾಗ ಗೆಳತಿ ಕೈತೊಳೆಯಲು ಹೋಗಿದ್ದಳು. ಬಿಳಿ ಕೋಟಿನವಳು ಮೆಟ್ಟಿಲ ಹತ್ತಿರ ನನ್ನನ್ನು ನಿಲ್ಲಿಸಿದಳು. ಪ್ರದರ್ಶನಕ್ಕೆ ಇಡದ ಬಟ್ಟೆಗಳು ಕೆಳಗೆ ಡ್ರಾಯರುಗಳಲ್ಲಿವೆ, ಸಾಮಾನ್ಯವಾಗಿ ಯಾರಿಗೂ ತೋರಿಸುವುದಿಲ್ಲ, ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ನಿಮ್ಮ ಗೆಳತಿಯನ್ನು ಕರೆತರುತ್ತೀರಾ, ಎಂದು ಕೇಳಿದಳು.

ನಮ್ಮ ವಿಮಾನ ಮರುದಿನ ಸಂಜೆಗಿತ್ತು.

"ಕ್ಷಮಿಸಿ, ನಾಳೆ ಬೆಳಿಗ್ಗೆಯೇ ನಮ್ಮ ವಿಮಾನ" ಎಂದೆ.

ಆಕೆಯ ಮುಖ ಸಪ್ಪಗಾಯಿತು. ಒಂದು ಕಾರ್ಡು ಕೊಟ್ಟು, ಅವರಿಗೆ ಕೊಡಿ, ಬರೆಯಲು ಹೇಳಿ ಎಂದಳು. ನಾನು ಅದನ್ನು ಪಾಸ್‌ಪೋರ್ಟಿನೊಳಗೆ ಇಟ್ಟೆ. ಗೆಳತಿ ಕೈ ಒರೆಸಿಕೊಳ್ಳುತ್ತ ಬಂದು, "ಎಂಥ ಹೇಳಿದ್ರು?" ಎಂದು ಕೇಳಿದಳು.

"ಥ್ಯಾಂಕ್ಸ್ ಹೇಳಿದ್ರು. ಹೋಗುವ."

ಮರುದಿನ ಬೆಳಿಗ್ಗೆ ಪ್ರತಿಮೆಗಳ ಸೇತುವೆಯ ಮೇಲೆ ನಡೆಯುತ್ತಿದ್ದಾಗ ಅವಳಾಗಿಯೇ, "ಟೀಚರೇ, ಟೈಮ್ ಉಂಟಲ್ಲ, ನಿನ್ನೆಯ ಅಲ್ಲಿಗೆ ಇನ್ನೊಂದು ಸಲ ಹೋಗುವನಾ?" ಎಂದಳು.

"ಇವತ್ತು ಅವರಿಗೆ ರಜೆ" ಎಂದೆ.

"ಖಲಾಸ್, ಬಿಡಿ. ಇಷ್ಟು ನೋಡಿದ್ದೇ ದೊಡ್ಡದು."

ದೋಣಿಯಲ್ಲಿ ಸುತ್ತಿದೆವು. ಗಂಟೆ ಹೊಡೆದಾಗ ಬೊಂಬೆಗಳು ಹೊರಬರುವ ಗಡಿಯಾರವನ್ನು ನೋಡಿದೆವು. ಗಡಿಯಾರದ ಕಥೆಯನ್ನು ನಾನು ಎಂದಿಗಿಂತ ಚೆನ್ನಾಗಿ ಹೇಳಿದೆ. ಅವಳು ಬಾಯಿ ತೆರೆದು ಕೇಳಿದಳು. ನನಗೆ ಒಂದು ಗಳಿಗೆಯೂ ಸುಖವಾಗಲಿಲ್ಲ.

ಊರಿಗೆ, ಅಂದರೆ ವುಕೈರಿಗೆ, ಮರಳಿದ ಮೇಲೆ ಅವಳು ಕಟ್ಟಡದವರಿಗೆಲ್ಲ ಪ್ರವಾಸದ ಕಥೆ ಹೇಳಿದಳು. ರಾಜರ ಹೆಸರೆಲ್ಲ ಅದಲು ಬದಲು. ಆದರೆ ಆ ತುರ್ಕಿ ಬೇಕರಿಯವಳು ಅವಳ ಮಾತಿನಲ್ಲಿ ಎದ್ದು ನಡೆಯುತ್ತಿದ್ದಳು. ನಾನು ನಡುವೆ ಹೆಸರು ತಿದ್ದಿದರೆ ಹೆಂಗಸರು ನನ್ನತ್ತ ಒಮ್ಮೆ ನೋಡಿ ಮತ್ತೆ ಅವಳ ಕಡೆ ತಿರುಗುತ್ತಿದ್ದರು. ಪ್ರತಿ ಸಲವೂ ಅವಳು ಕೊನೆಗೆ, "ಟೀಚರ್ ಇಲ್ಲದಿದ್ರೆ ನನಗೆ ಎಂಥ ಕಾಣ್ತಿತ್ತು?" ಎನ್ನುತ್ತಿದ್ದಳು. ಅದು ಕೇಳಿದಾಗ ಎದ್ದು ಹೋಗಬೇಕು ಅನ್ನಿಸುತ್ತಿತ್ತು.

ಶಾಲೆ ಶುರುವಾಯಿತು. ವಿಯೆನ್ನಾ ಪಾಠ ಬಂದಾಗ ನನ್ನ ಫೋಟೋಗಳನ್ನು ದೊಡ್ಡ ಪರದೆಯಲ್ಲಿ ತೋರಿಸಿದೆ. ಮಕ್ಕಳು ಆಕಳಿಸಿದರು. ಕೊನೆಯ ಐದು ನಿಮಿಷ ಉಳಿದಿತ್ತು. ಏನು ಹೇಳಲಿ ಎಂದು ತೋಚದೆ, ಎಡಗೈಯಲ್ಲಿ ಹೊಲಿದ ರೆಕ್ಕೆಯನ್ನು ನನ್ನ ಗೆಳತಿ ಕಂಡುಹಿಡಿದ ಕಥೆ ಹೇಳಿದೆ. ಇಡೀ ತರಗತಿ ನೆಟ್ಟಗೆ ಕುಳಿತಿತು. ಎಡಗೈಯಲ್ಲಿ ಬರೆಯುವ ಇಬ್ಬರು ಮಕ್ಕಳು ತಮ್ಮ ತಮ್ಮ ಕೈ ನೋಡಿಕೊಂಡರು. "ಆಮೇಲೆ ಏನಾಯ್ತು ಮಿಸ್? ಅವರು ಮತ್ತೆ ಹೋದ್ರಾ?" ಎಂದು ಒಬ್ಬಳು ಕೇಳಿದಳು.

ನಾನು ಪರದೆಯನ್ನು ಆರಿಸಿದೆ. ನನ್ನದೇ ತರಗತಿಯಲ್ಲಿ, ಅವಳು ಇಲ್ಲದೆಯೂ, ಮಕ್ಕಳು ಅವಳ ಕಡೆಗೆ ಹೋಗಿದ್ದರು. ಸಿಟ್ಟು ಬಂತು. ಅದೇ ಸಿಟ್ಟಿನಲ್ಲಿ ಗೊತ್ತಾಯಿತು, ಇದನ್ನು ಹೇಳದೆ ನಾನು ಇನ್ನು ಅವಳ ಮನೆಗೆ ಮೆಟ್ಟಿಲು ಇಳಿಯಲಾರೆ ಎಂದು.

ಆ ಶುಕ್ರವಾರ ಮಸೀದಿಯಲ್ಲಿ ಇಳಿಹೊತ್ತಿನ ಅಸರ್ ಬಾಂಗ್ ಆದ ಮೇಲೆ ಹೋದೆ. ಅವಳು ಯಾರದೋ ಮದುವೆಯ ದುಪಟ್ಟಾ ಹಿಡಿದು ಕುಳಿತಿದ್ದಳು. ನಾನು ಕಾರ್ಡನ್ನು ಅವಳ ಮುಂದಿಟ್ಟೆ. ನಡೆದದ್ದನ್ನೆಲ್ಲ ಹೇಳಿದೆ. ಮೆಟ್ಟಿಲಲ್ಲಿ ಆಕೆ ಕೇಳಿದ್ದು, ನಾನು ಹೇಳಿದ ಸುಳ್ಳು, ಮರುದಿನದ ಇನ್ನೊಂದು ಸುಳ್ಳು.

ಅವಳು ಸೂಜಿಯನ್ನು ಬಟ್ಟೆಗೆ ಸಿಕ್ಕಿಸಿದಳು. "ಯಾಕೆ ಟೀಚರೇ?"

"ಹೊಟ್ಟೆಕಿಚ್ಚು."

"ನನ್ನ ಮೇಲೆ?" ಅವಳಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ನನ್ನ ಹತ್ರ ಎಂಥ ಉಂಟು?"

ನಾನು ಹೇಳಲು ಪ್ರಯತ್ನಿಸಿದೆ. ಇಗರ್ಜಿಯ ಎಲೆಯ ವಿಷಯ ಹೇಳಿದೆ. ಅವಳು ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ನಾನು ಹುಡುಗಿ ಆಗಿದ್ದಾಗಿನಿಂದ ಹೊಲೀತಾ ಇದ್ದೇನೆ" ಎಂದಳು. "ಈ ಕೆಲಸಕ್ಕಾಗಿ ನನ್ನನ್ನು ಒಬ್ಬರು ಕರೆದದ್ದು ಅದೊಂದೇ ಸಲ. ಅದೂ ನನಗೆ ಗೊತ್ತಾಗಲಿಲ್ಲ."

ಕ್ಷಮಿಸು ಎಂದೆ. ಅವಳು ಸೂಜಿಯನ್ನು ಮತ್ತೆ ಕೈಗೆತ್ತಿಕೊಂಡಳು. "ನೀವು ಈಗ ಹೋಗಿ ಟೀಚರೇ, ನನಗೆ ಇದು ಮುಗಿಸ್ಲಿಕ್ಕುಂಟು" ಎಂದಳು.

ಎರಡು ತಿಂಗಳು ನಾವು ಲಿಫ್ಟಿನಲ್ಲಿ ಸಿಕ್ಕರೆ ಮಾತ್ರ ಮಾತು, ಊಟ ಆಯ್ತಾ ಎನ್ನುವಷ್ಟು. ದೋಹಾದ ಒಂದು ಆಫೀಸಿನಲ್ಲಿ ಕೆಲಸ ಮಾಡುವ ಅವಳ ಮಗಳು ಪ್ರಾಗ್‌ಗೆ ಇಮೇಲ್ ಬರೆದಳು ಎಂದು ನನ್ನ ಗಂಡನ ಮೂಲಕ ಗೊತ್ತಾಯಿತು. ಬರೆದುಕೊಡಲು ನನ್ನನ್ನು ಕೇಳಲಿಲ್ಲ. ಅಲ್ಲಿಂದ ಉತ್ತರ ಬಂತು, ಫೋಟೋಗಳು ಬಂದವು, ಇವಳು ಹೊಲಿದು ಕಳಿಸಿದ ಮಾದರಿಯ ತುಂಡೊಂದು ಅಲ್ಲಿಗೆ ಹೋಯಿತು. ಮುಂದಿನ ಮಾರ್ಚಿಗೆ ಬನ್ನಿ ಎಂದು ಅವರು ಬರೆದರು. ಇದೆಲ್ಲ ನನಗೆ ಗೋಡೆಯ ಆಚೆಯಿಂದ ಬಂದ ಸುದ್ದಿ. ಒಂದೊಂದು ಸುದ್ದಿಗೂ ಹೊಟ್ಟೆ ಮೊದಲಿನಂತೆಯೇ ಉರಿಯಿತು. ತಪ್ಪು ಒಪ್ಪಿಕೊಂಡರೆ ಅದು ಆರುತ್ತದೆ ಎಂದುಕೊಂಡಿದ್ದೆ. ಆರಲಿಲ್ಲ.

ಆಮೇಲೆ ಒಂದು ದಿನ ಅವಳೇ ಮೇಲೆ ಬಂದಳು. ಕೈಯಲ್ಲಿ ಮೀನು ಸಾರಿನ ಡಬ್ಬಿ ಇತ್ತು. ಅಡಿಗೆಮನೆಯಲ್ಲಿ ನಿಂತು, "ಬಂಗುಡೆ ಫ್ರೆಶ್ ಸಿಕ್ಕಿತು, ಹಾಗೆ ತಂದೆ" ಎಂದಳು. ಹಳೆಯ ವಿಷಯ ಇಬ್ಬರೂ ಎತ್ತಲಿಲ್ಲ. ಮಾತು ಮೊದಲಿನಷ್ಟು ಸರಾಗವಾಗಲಿಲ್ಲ, ಆದರೆ ಶುರುವಾಯಿತು.

ಈ ಮಾರ್ಚಿನಲ್ಲಿ ಅವಳು ಮಗಳ ಜೊತೆ ಪ್ರಾಗ್‌ಗೆ ಹೊರಟಳು. ಅವಳ ಗಂಡ ಉತ್ತರದ ಅಲ್ ಶಮಾಲ್ ಕಡೆ ಕೆಲಸಕ್ಕೆ ಹೋಗಿದ್ದರಿಂದ ಏರ್‌ಪೋರ್ಟಿಗೆ ಬಿಡಲು ನನ್ನನ್ನು ಕೇಳಿದಳು. ಬೆಳಿಗ್ಗೆ ಆರಕ್ಕೆ ಹೊರಟೆವು. ಮಗಳು ಹಿಂದಿನ ಸೀಟಿನಿಂದ, "ಆಂಟಿ, ಆ ಕ್ಲಾಕ್‌ದು ಸ್ಟೋರಿ ಏನು? ಮಮ್ಮಿಗೆ ನೆನಪಿಲ್ಲ" ಎಂದಳು. ಹೇಳಿದೆ: ಅಂಥ ಗಡಿಯಾರ ಇನ್ನೊಂದು ಊರಲ್ಲಿ ಆಗಬಾರದೆಂದು ಅದನ್ನು ಮಾಡಿದವನ ಕಣ್ಣು ಕೀಳಿಸಿದರು ಎನ್ನುತ್ತಾರೆ, ಅದು ನಿಜವಲ್ಲ, ಜನರು ಕಟ್ಟಿದ ಕಥೆ.

"ಅಷ್ಟೂ ಅಸೂಯೆಯಾ?" ಎಂದಳು ಮಗಳು.

ಗೆಳತಿ ಕಿಟಕಿಯ ಹೊರಗೆ ನೋಡುತ್ತಿದ್ದಳು. ನಾನು ಏರ್‌ಪೋರ್ಟಿನ ರಸ್ತೆಗೆ ಕಾರು ತಿರುಗಿಸಿದೆ.

ಪೆಟ್ಟಿಗೆ ಇಳಿಸಿದ ಮೇಲೆ ಅವಳು ನನ್ನ ಕೈ ಹಿಡಿದು, "ಬರ್ತೇನೆ ಟೀಚರೇ. ಫೋಟೋ ಕಳಿಸ್ತೇನೆ" ಎಂದಳು. ಅವರು ಒಳಗೆ ಹೋಗುವವರೆಗೆ ನಿಂತಿದ್ದೆ. ವಾಪಸು ಬರುವಾಗ ದಾರಿಬದಿಯ ಚಹಾ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಹಾರ್ನ್ ಮಾಡಿದೆ. ಮಲಯಾಳಿ ಅಂಗಡಿಯವ ಕಿಟಕಿಗೆ ತಂದುಕೊಟ್ಟ, ಏಲಕ್ಕಿ ಹಾಕಿದ ಗಟ್ಟಿ ಕರಕ್ ಚಹಾವನ್ನು ಅಲ್ಲೇ ಕುಳಿತು ಕುಡಿದೆ. ನಾಳೆ ಹತ್ತು ಗಂಟೆಗೆ ಅವಳಿಗೆ ಆ ಡ್ರಾಯರುಗಳನ್ನು ತೆರೆಯುತ್ತಾರೆ ಎಂದು ನೆನೆದೆ. ಒಳ್ಳೆಯದಾಗಲಿ ಎಂದುಕೊಂಡೆ. ಹಾಗೆಂದುಕೊಳ್ಳುವಾಗಲೂ, ಆ ಕೋಣೆಯಲ್ಲಿ ನಾನಿಲ್ಲವಲ್ಲ ಎಂದು ಹೊಟ್ಟೆ ಉರಿಯುತ್ತಲೇ ಇತ್ತು.